ಉಗುರಿನ ನೀಲಿ

ಹೊಸ ಪ್ಯಾಂಟನ್ನು ಹಳೆಯದು ಮಾಡುವುದು ನನ್ನ ಕಸುಬು.
ಮೊಣಕಾಲಿಗೆ ಸ್ಯಾಂಡ್‌ಪೇಪರ್ ತಿಕ್ಕಿ,
ತೊಡೆಗೆ ಔಷಧಿ ಹೊಡೆದು,
ಯಾರೂ ಇನ್ನೂ ತೊಡದ ಬಟ್ಟೆಗೆ
ಯಾರೋ ಹತ್ತು ವರ್ಷ ನಡೆದ ಸವೆತ ಹಚ್ಚುತ್ತೇನೆ.
ಬಳ್ಳಾರಿಯ ಈ ತಗಡಿನ ಶೆಡ್ಡಿನಲ್ಲಿ ದಿನಕ್ಕೆ ಮುನ್ನೂರು.
ಭಾನುವಾರ ಕೌಲ್‌ಬಜಾರಿನ ಸಭೆಯಲ್ಲಿ ಕೂತರೆ
ಪಾಸ್ಟರ್ ದೇವದಾನಂ ಅನ್ನುತ್ತಾರೆ,
ನಿನ್ನೊಳಗಿನ ಹಳಬ ಸತ್ತ. ನೀನು ಹೊಸಬ.
ನಾನು ನನ್ನ ಉಗುರು ನೋಡಿಕೊಳ್ಳುತ್ತೇನೆ.
ನೀಲಿ.
ರಸದ ಬಟ್ಟಲು ಹಿಡಿದಾಗಲೂ ನೀಲಿ.

ಸಂಜೆ ಲೆಕ್ಕ ಬರೆಯುವುದೂ ನನ್ನ ಪಾಲಿಗೇ,
ಹತ್ತನೇ ಪಾಸು ಅಂತ.
ದಾರ ಕತ್ತರಿಸುವ ಹುಲಿಗೆಮ್ಮ ಅರವತ್ತು ಪೀಸು ಮಾಡಿದ ದಿನ
ಮಾಲೀಕನ ಪುಸ್ತಕದಲ್ಲಿ ಅರವತ್ತು,
ಅವಳ ಚೀಟಿಯಲ್ಲಿ ಐವತ್ತು.
ಪೀಸಿಗೆ ಒಂದೂವರೆ. ನನ್ನ ಕಿಸೆಗೆ ಹದಿನೈದು ರೂಪಾಯಿ.
ಹಸಿವಿರಲಿಲ್ಲ, ಸಾಲವಿರಲಿಲ್ಲ.
ಕೈ ಬರೆಯಿತು, ನಾನು ಸುಮ್ಮನೆ ನೋಡಿದೆ.
ರಾತ್ರಿ ಮಂಡಿಯೂರಿ ಅತ್ತೆ: ಇದೇ ಕೊನೆ, ಸ್ವಾಮಿ.
ನಾಲ್ಕು ದಿನ ಹಗುರಾಗಿ ನಡೆದೆ.
ಐದನೇ ದಿನ ಮತ್ತೆ ಐವತ್ತು.

ಪಾಸ್ಟರನ್ನು ಕೇಳಲು ನಾಚಿಕೆ.
ಸಮಾಧಾನಮ್ಮನಿಗೆ ಹೇಳಿದೆ, ಯಾರದೋ ಕಥೆಯಂತೆ.
"ರಕ್ಷಣೆ ಆದವ್ನು ಮತ್ತೆ ಬೀಳ್ತಾನಾ?
ಬಿದ್ದ ಅಂದ್ರೆ ಆಗಿಲ್ಲ ಅಂತ್ಲೇ ಲೆಕ್ಕ."
ಆಕೆ ತೊಂಬತ್ತೆಂಟರಿಂದ ಪಾಪ ಮಾಡಿಲ್ಲವಂತೆ.
ಅಕ್ಕಿ ಆರಿಸುತ್ತಿದ್ದ ಸೊಸೆ ಮುಖ ಅತ್ತ ತಿರುಗಿಸಿದಳು.
ಸೀಲಾಸನದು ಬೇರೆ ಮಾತು:
"ಒಮ್ಮೆ ಹೆಸರು ಬರೆದ ಮೇಲೆ ಅಳಿಸೋರು ಯಾರಲೇ?
ಆರಾಮಾಗಿರು."
ಅವನು ನನ್ನಿಂದ ಎರಡು ಸಾವಿರ ಇಸಕೊಂಡು ಮೂರು ವರ್ಷ.
ಆರಾಮಾಗೇ ಇದ್ದಾನೆ.

ಕರೆಂಟು ಹೋದ ರಾತ್ರಿ ಮಾಳಿಗೆ ಮೇಲೆ ಮಲಗಿದ್ದೆ.
ಕೋಟೆಗುಡ್ಡದ ಬಂಡೆ ಹಗಲ ಕಾವನ್ನು ಇನ್ನೂ ಊದುತ್ತಿತ್ತು.
ಹನ್ನೊಂದು ವರ್ಷದ ಹಿಂದಿನ ಒಂದು ಬೆಳಗು:
ಮೋಕಾ ರಸ್ತೆಯ ಕಾಲುವೆ, ಎದೆಮಟ್ಟ ಕೆಂಪು ನೀರು.
ಮುಳುಗಿಸಿದಾಗ ಮೂಗಿಗೆ ನೀರೇರಿ,
ದೀಕ್ಷಾಸ್ನಾನವೂ ಬೇಡ ಏನೂ ಬೇಡ ಅನ್ನಿಸಿ
ಪಾಸ್ಟರ ಅಂಗಿ ಬಿಟ್ಟುಬಿಟ್ಟಿದ್ದೆ,
ಒದ್ದಿದ್ದೆ ಕೂಡ.
ಕತ್ತಿನ ಹಿಂದೆ ಅವರ ಅಂಗೈ ಮಾತ್ರ
ಇದ್ದಲ್ಲೇ ಇತ್ತು.
ಮೇಲೆದ್ದಾಗ ಎಲ್ಲರೂ ಹಾಡಿದರು. ನಾನು ಕೆಮ್ಮಿದೆ.
ಆಮೇಲೆ ವಾರವೆಲ್ಲ ದೇವದಾನಂ ಕುಂಟಿದರು,
ಯಾಕೆಂದು ಯಾರಿಗೂ ಹೇಳಲಿಲ್ಲ.

ಗೆದ್ದೆನಾ? ಗೊತ್ತಿಲ್ಲ.
ಪೆನ್ನು ಹಿಡಿದು ಆರು ಬರೆಯುವ ಮುಂಚೆ
ಐದರ ಹೊಟ್ಟೆ ಈಗಲೂ ಕೈಯಲ್ಲಿ ತಿರುಗುತ್ತದೆ.
ಕಾಲುವೆಗೆ ಇಳಿಯುವ ಮುಂಚಿನ ದಿನಗಳಲ್ಲಿ
ಹೀಗೆ ನೋಯುತ್ತಿರಲಿಲ್ಲ.
ಸತ್ತ ಬೆರಳಿಗೆ ಸೂಜಿ ತಾಗುವುದಿಲ್ಲ
ಎಂಬುದು ಹೊಲಿಯುವವರಿಗೆ ಗೊತ್ತಿರುವ ಮಾತು.
ಅಷ್ಟನ್ನೇ ಸಾಕ್ಷಿ ಅಂದುಕೊಂಡು
ಎದ್ದು ಕತ್ತಲಲ್ಲೇ ದುಡ್ಡೆಣಿಸಿದೆ.
ಹನ್ನೆರಡು ದಿನ. ನೂರ ಎಂಬತ್ತು.

ಹುಲಿಗೆಮ್ಮ ಸಭೆಗೆ ಬರುವವಳಲ್ಲ.
ತಪ್ಪಾಯಿತು ಅಂದೆ. ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.
ಕೈಯೊಡ್ಡಿ ಇಸಕೊಂಡಳು, ಎರಡು ಸಲ ಎಣಿಸಿದಳು,
ಸೊಂಟದ ಸಂಚಿಯಿಂದ ಒಂದು ನೀಲಿ ದಾರ ತೆಗೆದಳು,
ಪ್ಯಾಂಟಿನದೇ ದಾರ, ಉದ್ದಕ್ಕೂ ಗಂಟು.
ಅಂದರೆ ಮೊದಲ ದಿನದಿಂದ ಗೊತ್ತಿತ್ತು.
"ಹದಿಮೂರು," ಅಂದಳು.
"ಅಮಾಸಿ ದಿನದ್ದು ಮರ್ತೀಯ."
ಮರೆತಿದ್ದೆ.
ಅಳುವಾಗಲೂ ಮರೆತಿದ್ದೆ.
ಕಿಸೆಯಲ್ಲಿ ಬಸ್ಸಿನ ಚೀಟಿಯಷ್ಟೇ ಇತ್ತು.
"ನಾಳೆ ತರ್ತೀನಿ."
ಅವಳು ನನ್ನ ಮುಖ ನೋಡಿದಳು, ಉಗುರು ನೋಡಿದಳು
(ಅವಳವೂ ನೀಲಿಯೇ),
ಕತ್ತರಿಯಿಂದ ಒಂದೊಂದಾಗಿ
ಹನ್ನೆರಡು ಗಂಟು ಕತ್ತರಿಸಿ ನೆಲಕ್ಕುದುರಿಸಿ
ಉಳಿದದ್ದನ್ನು ಮತ್ತೆ ಸಂಚಿಗೆ ಹಾಕಿಕೊಂಡಳು.
"ತರ್ತೀ ಬಿಡು," ಅಂದಳು,
ಮುಂದಿನ ಪ್ಯಾಂಟು ಎಳೆದುಕೊಂಡಳು.